ಅಕ್ಕನ ಮಣಿಕಟ್ಟು ಮತ್ತು ನನ್ನ ಅರವತ್ತು ಶಾರ್ಟ್‌ಕಟ್‌ಗಳು

ಅವತ್ತು ಸೋಮವಾರ. ಅಕ್ಕ ಬಲಗೈ ಮಣಿಕಟ್ಟಿಗೆ ಕ್ರೇಪ್ ಬ್ಯಾಂಡೇಜ್ ಸುತ್ತಿಕೊಂಡು ಆಫೀಸಿಗೆ ಬಂದರು. ಎಲ್ಲೋ ಬಿದ್ದಿರಬೇಕು ಅಂದುಕೊಂಡೆ. ಬಿದ್ದಿರಲಿಲ್ಲ.

‘ಮೌಸ್ ಹಿಡಿದೂ ಹಿಡಿದೂ ಹೀಗಾಗಿದೆ ಸರ್. ಡಾಕ್ಟರು ಸ್ವಲ್ಪ ದಿನ ಮೌಸ್ ಕಮ್ಮಿ ಮಾಡಿ ಅಂದ್ರು. ಎಡಗೈಯಲ್ಲಿ ಹಿಡಿಯೋ ಹಾಗೆ ಏನಾದ್ರೂ ಸೆಟ್ಟಿಂಗ್ ಮಾಡಿಕೊಡ್ತೀರಾ?’

ನನಗಿಂತ ಇಪ್ಪತ್ತು ವರ್ಷ ದೊಡ್ಡವರು ನನ್ನನ್ನು ಸರ್ ಅಂತಿದ್ದರು. ಬೇಡ ಅಂದರೂ ಕೇಳುತ್ತಿರಲಿಲ್ಲ. ‘ನೀವು ಸಾಫ್ಟ್‌ವೇರ್‌ನವರಲ್ವಾ’ ಅನ್ನುವುದೇ ಅವರ ಉತ್ತರ.

ನಾನು ಕೆಲಸ ಮಾಡುವುದು ಬೆಂಗಳೂರಿನ ಒಂದು ಪುಟ್ಟ ಆಫೀಸಿನಲ್ಲಿ. ಶಾಲೆಯ ಪಾಠಗಳನ್ನು ಕಂಪ್ಯೂಟರಿಗೆ ಇಳಿಸುವ ಕೆಲಸ ನಮ್ಮದು. ಹತ್ತು-ಹನ್ನೆರಡು ಜನ ಬೆಳಗಿನಿಂದ ಸಂಜೆವರೆಗೆ ಕನ್ನಡ ಟೈಪ್ ಮಾಡುತ್ತಾರೆ, ಪ್ರೂಫ್ ತಿದ್ದುತ್ತಾರೆ. ಹೆಚ್ಚಿನವರು ಹಿಂದೆ ಪ್ರೆಸ್‌ಗಳಲ್ಲಿ ಡಿಟಿಪಿ ಮಾಡಿ ಬಂದವರು. ಅವರಿಗೆ ದುಡ್ಡು ಪುಟದ ಲೆಕ್ಕದಲ್ಲಿ. ಕೈ ನಿಧಾನವಾದರೆ ತಿಂಗಳ ಕೊನೆಯಲ್ಲಿ ಸಂಬಳವೂ ಇಳಿಯುತ್ತದೆ. ಅಕ್ಕನ ಮಗಳು ಆ ವರ್ಷವೇ ಪಿಯುಸಿ ಸೇರಿದ್ದಳು. ಹಾಗಾಗಿ ಅವರ ಮಣಿಕಟ್ಟಿನ ನೋವು ಬರೀ ಮಣಿಕಟ್ಟಿನ ನೋವಾಗಿರಲಿಲ್ಲ.

ಅವರೆಲ್ಲ ಬಳಸುವ ಟೆಕ್ಸ್ಟ್ ಎಡಿಟರ್ ಬರೆದವರಲ್ಲಿ ನಾನೂ ಒಬ್ಬ. ನನಗೆ ಮುಜುಗರ ಆಗಿದ್ದು ಅದಕ್ಕೇ. ಮೌಸ್ ಮುಟ್ಟದೆ ಕೆಲಸ ಮಾಡಲಿ ಅಂತ ಆ ಎಡಿಟರ್‌ನಲ್ಲಿ ಅರವತ್ತು ಕೀಬೋರ್ಡ್ ಶಾರ್ಟ್‌ಕಟ್‌ಗಳನ್ನು ಇಟ್ಟಿದ್ದೆ. ಎರಡು ತಿಂಗಳ ಹಿಂದೆಯೇ.

ಲ್ಯಾಮಿನೇಟ್ ಮಾಡಿದ ಪಟ್ಟಿ

ಶಾರ್ಟ್‌ಕಟ್ ಇಟ್ಟರೆ ಸಾಲದು, ಅದು ಇದೆ ಅಂತ ಬಳಸುವವರಿಗೆ ಗೊತ್ತಾಗಬೇಕು. ಅದೂ ನನಗೆ ತಿಳಿದಿತ್ತು. ಅರವತ್ತನ್ನೂ ಒಂದು ಪಟ್ಟಿ ಮಾಡಿ ‘ಸಹಾಯ’ ಮೆನುವಿನಲ್ಲಿ ಸೇರಿಸಿದೆ. ಪಿಡಿಎಫ್ ಮಾಡಿ ಎಲ್ಲರಿಗೂ ಮೇಲ್ ಮಾಡಿದೆ. ಅದೇ ಪಟ್ಟಿಯನ್ನು ಬಣ್ಣದಲ್ಲಿ ಪ್ರಿಂಟ್ ಹಾಕಿಸಿ, ಲ್ಯಾಮಿನೇಟ್ ಮಾಡಿಸಿ, ಒಬ್ಬೊಬ್ಬರ ಮಾನಿಟರ್ ಪಕ್ಕ ಅಂಟಿಸಿದೆ. ಒಂದು ಗಂಟೆ ಪಿಪಿಟಿ ಹಾಕಿ ಟ್ರೈನಿಂಗ್ ಕೊಟ್ಟೆ. ಎಲ್ಲರೂ ತಲೆಯಾಡಿಸಿದರು. ಟೀ ಕುಡಿದರು. ಸೀಟಿಗೆ ಹೋಗಿ ಮೌಸ್ ಹಿಡಿದರು.

ಎರಡು ವಾರದ ನಂತರ ಯಾವ ಶಾರ್ಟ್‌ಕಟ್ ಎಷ್ಟು ಬಳಕೆಯಾಗಿದೆ ಅಂತ ನೋಡಿದೆ. ಕಾಪಿ, ಪೇಸ್ಟ್, ಸೇವ್. ಅಷ್ಟೇ. ಉಳಿದ ಐವತ್ತೇಳು ಹಾಗೇ ಬಿದ್ದಿದ್ದವು.

ನಾನು ಆಗ ನನ್ನ ಸಹೋದ್ಯೋಗಿಗೆ ಹೇಳಿದ ಮಾತು ಇವತ್ತಿಗೂ ಚುಚ್ಚುತ್ತದೆ: ‘ಇವರಿಗೆ ಕಲಿಯೋ ಮನಸ್ಸೇ ಇಲ್ಲ ಕಣೋ.’

ಅರ್ಧ ಗಂಟೆ ಪಕ್ಕದಲ್ಲಿ ಕೂತಾಗ

ಮೌಸ್‌ನ ಎಡ-ಬಲ ಬಟನ್ ಅದಲುಬದಲು ಮಾಡುವುದು ಒಂದು ನಿಮಿಷದ ಕೆಲಸ. ಮಾಡಿಕೊಟ್ಟೆ. ಎಡಗೈ ಹೊಂದುತ್ತದೋ ಇಲ್ಲವೋ ನೋಡೋಣ ಅಂತ ಒಂದು ಕುರ್ಚಿ ಎಳೆದುಕೊಂಡು ಅಕ್ಕನ ಪಕ್ಕ ಕೂತೆ. ಅರ್ಧ ಗಂಟೆ ಬರೀ ನೋಡಿದೆ. ಎರಡು ತಿಂಗಳಲ್ಲಿ ತಿಳಿಯದ್ದು ಆ ಅರ್ಧ ಗಂಟೆಯಲ್ಲಿ ತಿಳಿಯಿತು.

ಮೊದಲನೆಯದಾಗಿ, ಅಕ್ಕ ನಮ್ಮ ಆಫೀಸಿನಲ್ಲೇ ಕೀಬೋರ್ಡ್ ಮೇಲೆ ಅತಿ ವೇಗವಾಗಿ ಬೆರಳಾಡಿಸುವವರು. ಕೆ.ಪಿ. ರಾವ್ ರೂಪಿಸಿದ, ನುಡಿಯಲ್ಲಿ ಇರುವ ಕೀಲಿಮಣೆ ವಿನ್ಯಾಸ ಅವರ ಬೆರಳಿಗೆ ಅಂಟಿಹೋಗಿದೆ. ಎಫ್ ಒತ್ತಿ ಒತ್ತಕ್ಷರ ಕೂಡಿಸುವುದನ್ನು ಕೀ ನೋಡದೆ ಮಾಡುತ್ತಾರೆ. ‘ಕೀಬೋರ್ಡ್ ಅಂದ್ರೆ ಇವರಿಗೆ ಆಗಲ್ಲ’ ಅನ್ನುವ ನನ್ನ ವಾದ ಅಲ್ಲೇ ಬಿತ್ತು.

ಎರಡನೆಯದು, ಟೈಪ್ ಮಾಡುವಾಗ ಅಷ್ಟು ವೇಗವಾಗಿರುವ ಕೈ, ತಿದ್ದುವಾಗ ಮಾತ್ರ ಎದ್ದು ಮೌಸ್ ಕಡೆ ಓಡುತ್ತಿತ್ತು. ಸಾಲಿನ ಕೊನೆಗೆ ಹೋಗಲು ಮೌಸ್. ಒಂದು ಪದ ಆರಿಸಲು ಮೌಸ್. ರೈಟ್ ಕ್ಲಿಕ್, ಮೆನು, ಕಟ್, ಮತ್ತೆ ಕೀಬೋರ್ಡಿಗೆ. ತಿದ್ದುಪಡಿ ಜಾಸ್ತಿ ಇರುವ ಪುಟದಲ್ಲಿ ಕೈ ಹೋಗಿ ಬಂದು ಹೋಗಿ ಬಂದು ಸುಸ್ತಾಗುವುದು ನನ್ನ ಕಣ್ಣಿಗೇ ಕಾಣುತ್ತಿತ್ತು.

ಮೂರನೆಯದು ಕನ್ನಡಕ್ಕೇ ಸೇರಿದ ಕಷ್ಟ. ‘ಸ್ತ್ರೀ’ ಅನ್ನುವ ಪದ ನೋಡಿ. ನಮ್ಮ ಕಣ್ಣಿಗೆ ಅದು ಒಂದೇ ಅಕ್ಷರ. ಯೂನಿಕೋಡ್‌ನಲ್ಲಿ ಅದು ಸ, ವಿರಾಮ, ತ, ವಿರಾಮ, ರ, ದೀರ್ಘದ ಗುರುತು — ಒಟ್ಟು 6 ತುಣುಕು. ನಮ್ಮ ಎಡಿಟರ್‌ನಲ್ಲಿ ಬ್ಯಾಕ್‌ಸ್ಪೇಸ್ ಒಂದು ಸಲಕ್ಕೆ ಒಂದು ತುಣುಕನ್ನೇ ತಿನ್ನುತ್ತದೆ. ಒಂದು ಅಕ್ಷರ ಅಳಿಸಲು 6 ಸಲ ಕುಟ್ಟಬೇಕು. ಕಂಟ್ರೋಲ್ ಹಿಡಿದು ಬ್ಯಾಕ್‌ಸ್ಪೇಸ್ ಒತ್ತಿದರೆ ಇಡೀ ಪದ ಒಂದೇ ಏಟಿಗೆ ಹೋಗುತ್ತದೆ. ಇಂಗ್ಲಿಷ್ ಟೈಪ್ ಮಾಡುವವರಿಗಿಂತ ನಮಗೇ ಜಾಸ್ತಿ ಬೇಕಾದ ಶಾರ್ಟ್‌ಕಟ್ ಅದು. ನನ್ನ ಲ್ಯಾಮಿನೇಟ್ ಪಟ್ಟಿಯಲ್ಲಿ ಅದು 41ನೇ ಸಾಲಿನಲ್ಲಿತ್ತು.

‘ಅಕ್ಕ, ಇದು ಆ ಪಟ್ಟಿಯಲ್ಲೇ ಇತ್ತಲ್ಲ’ ಅಂದೆ.

‘ಇತ್ತೇನೋ ಸರ್. ಕೆಲಸ ಮಾಡುವಾಗ ಪಟ್ಟಿ ಯಾರು ಓದ್ತಾರೆ? ಪಟ್ಟಿ ಓದುವಾಗ ಕೆಲಸ ಇರಲ್ಲ.’

ಇದಕ್ಕಿಂತ ಸರಿಯಾಗಿ ಆ ವಿಷಯವನ್ನು ಯಾರೂ ನನಗೆ ಹೇಳಿರಲಿಲ್ಲ.

ಕಂಟ್ರೋಲ್ ಕೀ ಮೇಲಿನ ಭಯ

ಇನ್ನೂ ಒಂದು ವಿಷಯ ಗಮನಿಸಿದೆ. ಅಕ್ಕನ ಎಡಗೈ ಕಿರುಬೆರಳು ಕಂಟ್ರೋಲ್ ಕೀ ಹತ್ತಿರ ಹೋಗುವುದೇ ಅಪರೂಪ. ಸೇವ್ ಮಾಡುವಾಗಲೂ ಒಂದು ಕ್ಷಣ ನಿಂತು, ಕೀ ನೋಡಿ, ಒತ್ತುತ್ತಿದ್ದರು. ಯಾಕೆ ಅಂತ ಕೇಳಿದೆ. ಮೊದಲು ನಕ್ಕು ಸುಮ್ಮನಾದರು. ಆಮೇಲೆ ಹೇಳಿದರು.

ತುಂಬಾ ಹಿಂದೆ, ಬೇರೊಂದು ಪ್ರೆಸ್‌ನಲ್ಲಿದ್ದಾಗ ನಡೆದದ್ದು. ರಾತ್ರಿ ಎಂಟು ಗಂಟೆ. ಬೆಳಿಗ್ಗೆ ಅಚ್ಚಿಗೆ ಹೋಗಬೇಕಿದ್ದ ಪುಸ್ತಕ. ಕಂಟ್ರೋಲ್ ಜೊತೆ ಎಸ್ ಒತ್ತಲು ಹೋಗಿ ಪಕ್ಕದ ಎ ಒತ್ತಿದ್ದಾರೆ. ಇಡೀ ಅಧ್ಯಾಯ ಸೆಲೆಕ್ಟ್ ಆಗಿದೆ. ಗಾಬರಿಯಲ್ಲಿ ಇನ್ನೇನೋ ಅಕ್ಷರ ಒತ್ತಿದ್ದಾರೆ. ಅಷ್ಟೂ ಮಾಯ. ಎಲ್ಲಿ ಹೋಯ್ತೋ ಅಂತ ಗಾಬರಿಯಿಂದಲೇ ಸೇವ್ ಮಾಡಿ ಫೈಲ್ ಮುಚ್ಚಿಬಿಟ್ಟಿದ್ದಾರೆ. ರಾತ್ರಿ ಹನ್ನೆರಡರವರೆಗೆ ಮತ್ತೆ ಟೈಪ್ ಮಾಡಿದರಂತೆ. ಆ ತಿಂಗಳ ಸಂಬಳದಲ್ಲಿ ಅದಕ್ಕೆ ಹಿಡಿದದ್ದೂ ಆಯಿತಂತೆ.

‘ಅವತ್ತಿಂದ ಆ ಕೀ ಕಂಡರೆ ಭಯ ಸರ್. ಮೌಸ್ ಆದ್ರೆ ಏನು ಒತ್ತುತಾ ಇದೀನಿ ಅಂತ ಕಣ್ಣಿಗೆ ಕಾಣುತ್ತೆ.’

ನನ್ನ ಅರವತ್ತು ಶಾರ್ಟ್‌ಕಟ್‌ಗಳಲ್ಲಿ ಐವತ್ತಕ್ಕೂ ಹೆಚ್ಚು ಕಂಟ್ರೋಲ್‌ನಿಂದಲೇ ಶುರುವಾಗುತ್ತಿದ್ದವು. ಭಯ ಇರುವವರ ಮುಂದೆ ಭಯದ ಪಟ್ಟಿಯನ್ನೇ ಲ್ಯಾಮಿನೇಟ್ ಮಾಡಿ ಅಂಟಿಸಿದ್ದೆ. ಅವರಿಗೆ ಮೊದಲು ಬೇಕಿದ್ದದ್ದು ಒಂದೇ ಒಂದು ಧೈರ್ಯ: ಏನೇ ತಪ್ಪಾದರೂ ಫೈಲ್ ಮುಚ್ಚುವ ಮುಂಚೆ ಕಂಟ್ರೋಲ್ ಝಡ್ ಒತ್ತಿದರೆ ವಾಪಸ್ ಬರುತ್ತದೆ. ಅನ್‌ಡೂ.

ಅವತ್ತು ಅಷ್ಟು ಮಾತ್ರ ಹೇಳಿಕೊಟ್ಟೆ. ಒಂದು ಖಾಲಿ ಫೈಲ್‌ನಲ್ಲಿ ನಾಲ್ಕು ಸಾಲು ಟೈಪ್ ಮಾಡಿಸಿ, ಎಲ್ಲವನ್ನೂ ಬೇಕಂತಲೇ ಅಳಿಸಿಸಿ, ಕಂಟ್ರೋಲ್ ಝಡ್ ಒತ್ತಿಸಿದೆ. ನಾಲ್ಕೂ ಸಾಲು ವಾಪಸ್. ಅಕ್ಕ ಮತ್ತೆ ಅಳಿಸಿದರು. ಮತ್ತೆ ಒತ್ತಿದರು. ಐದಾರು ಸಲ ಹಾಗೇ ಮಾಡಿದರು.

‘ಇಷ್ಟೇನಾ?’ ಅಂದರು. ಆ ಧ್ವನಿಯಲ್ಲಿ ಖುಷಿಗಿಂತ ಬೇಜಾರೇ ಜಾಸ್ತಿ ಇತ್ತು. ಆ ಹಳೇ ರಾತ್ರಿ ನೆನಪಾಗಿರಬೇಕು.

ನಾನು ಎದ್ದು ಹೊರಡುವಾಗ ಅಕ್ಕ ಒಂದು ಪ್ರಶ್ನೆ ಕೇಳಿದರು. ‘ವರ್ಡ್‌ನಲ್ಲಿ ಶಿಫ್ಟ್ ಒತ್ತಿ ಎಫ್5 ಒತ್ತಿದ್ರೆ ಕೊನೇ ಸಲ ತಿದ್ದಿದ ಜಾಗಕ್ಕೆ ಹೋಗುತ್ತೆ. ನಿಮ್ಮದರಲ್ಲಿ ಯಾಕೆ ಹೋಗಲ್ಲ?’

ನನಗೆ ಆ ಶಾರ್ಟ್‌ಕಟ್ ಇದೆ ಅಂತಲೇ ಗೊತ್ತಿರಲಿಲ್ಲ. ನನ್ನ ಸೀಟಿಗೆ ಹೋಗಿ ವರ್ಡ್ ತೆರೆದು ಒತ್ತಿ ನೋಡಿದೆ. ನಿಜ. ‘ಯಾರು ಹೇಳಿಕೊಟ್ರು ಅಕ್ಕ?’ ಅಂದರೆ, ‘ಹಳೇ ಪ್ರೆಸ್‌ನಲ್ಲಿ ಪಕ್ಕ ಕೂರ್ತಿದ್ದ ಪ್ರೂಫ್ ರೀಡರ್ ಮೇಷ್ಟ್ರು. ಅದರಲ್ಲಿ ಕಂಟ್ರೋಲ್ ಇಲ್ವಲ್ಲ, ಅದಕ್ಕೇ ಭಯ ಆಗ್ಲಿಲ್ಲ’ ಅಂದರು.

ಗೊತ್ತಿದ್ದೂ ಬಳಸದವರು ನಾವೆಲ್ಲ

ಮನೆಗೆ ಹೋಗುವಾಗ ಮೆಟ್ರೊದಲ್ಲಿ ಯೋಚಿಸಿದೆ. ನನಗೆ ಗೊತ್ತಿರುವ ಶಾರ್ಟ್‌ಕಟ್‌ಗಳನ್ನು ನಾನು ಎಲ್ಲಿಂದ ಕಲಿತೆ? ಬ್ರೌಸರ್‌ನಲ್ಲಿ ಮುಚ್ಚಿಹೋದ ಟ್ಯಾಬ್ ವಾಪಸ್ ತರುವ ಕಂಟ್ರೋಲ್-ಶಿಫ್ಟ್-ಟಿ ಹೇಳಿದ್ದು ಪಿಜಿಯ ರೂಮ್‌ಮೇಟ್. ವಿಎಸ್ ಕೋಡ್‌ನಲ್ಲಿ ಒಂದೇ ಪದ ಇರುವ ಕಡೆಯೆಲ್ಲ ಒಂದೊಂದಾಗಿ ಆರಿಸಿಕೊಂಡು ಹೋಗುವ ಕಂಟ್ರೋಲ್-ಡಿ ಕಂಡಿದ್ದು ಮೊದಲ ಕೆಲಸದ ಸೀನಿಯರ್ ಪಕ್ಕ ಕೂತಾಗ. ‘ಏನ್ ಒತ್ತಿದ್ರಿ ಈಗ? ಇನ್ನೊಂದ್ಸಲ ತೋರಿಸಿ’ ಅಂತ ಕೇಳಿ ಕಲಿತದ್ದು. ಪಟ್ಟಿ ಓದಿ ಕಲಿತದ್ದು ಒಂದೂ ಇಲ್ಲ.

ಆಮೇಲೆ ಇದರ ಬಗ್ಗೆ ಹುಡುಕಿ ಓದಿದೆ. ಈ ವಿಷಯದಲ್ಲಿ ಅಕ್ಕನಂಥವರನ್ನು ದೂರುವುದು ಎಷ್ಟು ತಪ್ಪು ಅಂತ ಅರ್ಥವಾಯಿತು. ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಡೇವಿಡ್ ಲೇನ್ ಮತ್ತು ಸಂಗಡಿಗರು 2005ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ವರ್ಡ್ ಬಳಸಿ ಚೆನ್ನಾಗಿ ಪಳಗಿದ 251 ಜನರನ್ನು, ದಿನನಿತ್ಯದ ಕೆಲಸಗಳನ್ನು ಹೇಗೆ ಮಾಡುತ್ತೀರಿ ಅಂತ ಕೇಳಿದ್ದರು. ಅನುಭವಿಗಳೂ ಹೆಚ್ಚಾಗಿ ಕ್ಲಿಕ್ ಮಾಡುತ್ತಿದ್ದದ್ದು ಮೇಲಿನ ಐಕಾನ್‌ಗಳನ್ನೇ. ವರ್ಷಗಟ್ಟಲೆ ಬಳಸಿದ ಮಾತ್ರಕ್ಕೆ ಜನ ತಾವಾಗಿಯೇ ಶಾರ್ಟ್‌ಕಟ್‌ಗೆ ಬಂದುಬಿಡುತ್ತಾರೆ ಅನ್ನುವುದು ಸುಳ್ಳು.

ಅದೇ ಗುಂಪಿನವರಿದ್ದ ಇನ್ನೊಂದು ಅಧ್ಯಯನ ನನಗೆ ಇನ್ನೂ ಇಷ್ಟವಾಯಿತು. ಶಾರ್ಟ್‌ಕಟ್ ಬಳಸುವವರ ಜೊತೆ ಕೆಲಸ ಮಾಡುವವರು ತಾವೂ ಹೆಚ್ಚು ಶಾರ್ಟ್‌ಕಟ್ ಬಳಸುತ್ತಾರೆ ಅನ್ನುವುದು ಅದರ ಸಾರ. ಪ್ರೂಫ್ ರೀಡರ್ ಮೇಷ್ಟ್ರು ಮತ್ತು ಅಕ್ಕ, ನನ್ನ ಸೀನಿಯರ್ ಮತ್ತು ನಾನು. ಕಥೆ ಒಂದೇ.

ಇನ್ನೂ ಹಿಂದೆ, 1987ರಲ್ಲೇ ಐಬಿಎಂ ಸಂಶೋಧಕರಾದ ಜಾನ್ ಕ್ಯಾರಲ್ ಮತ್ತು ಮೇರಿ ಬೆತ್ ರಾಸನ್ ಇದರ ಬೇರನ್ನು ಹಿಡಿದಿದ್ದರು. ಸ್ವಲ್ಪ ಹೊತ್ತು ಕಲಿತರೆ ಮುಂದೆ ಬೇಕಾದಷ್ಟು ಸಮಯ ಉಳಿಯುತ್ತದೆ, ನಿಜ. ಆದರೆ ಜನ ಕಂಪ್ಯೂಟರ್ ಮುಂದೆ ಕೂರುವುದು ಕಲಿಯಲು ಅಲ್ಲ, ಕೈಯಲ್ಲಿರುವ ಕೆಲಸ ಮುಗಿಸಲು. ಪುಟದ ಲೆಕ್ಕದಲ್ಲಿ ದುಡಿಯುವವರಿಗೆ ಇದು ಇನ್ನೂ ನಿಜ. ಕಲಿಯಲು ನಿಂತ ಹತ್ತು ನಿಮಿಷ ಅವರಿಗೆ ಕೈಬಿಟ್ಟ ದುಡ್ಡು.

ಬಚ್ಚಿಟ್ಟರೂ ಕಷ್ಟ, ಮೈಮೇಲೆ ಬಿದ್ದರೂ ಕಷ್ಟ

ಹಾಗಾದರೆ ಪಕ್ಕದಲ್ಲಿ ಕೂತ ಮನುಷ್ಯನ ಕೆಲಸವನ್ನು ಸಾಫ್ಟ್‌ವೇರ್ ಮಾಡಬಲ್ಲದೇ? ಈ ಪ್ರಶ್ನೆಗೆ ಎಷ್ಟೋ ಜನ ಉತ್ತರ ಹುಡುಕಿದ್ದಾರೆ.

1978ರಲ್ಲಿ ಬಂದ ವರ್ಡ್‌ಸ್ಟಾರ್ ಅನ್ನು ಹಳಬರು ನೆನಪಿಸಿಕೊಳ್ಳುತ್ತಾರೆ. ಅದರಲ್ಲಿ ಮೌಸ್ ಇರಲಿಲ್ಲ, ಎಲ್ಲವೂ ಕಂಟ್ರೋಲ್ ಕೀ ಮೇಲೆಯೇ. ಆದರೆ ಅದರಲ್ಲೊಂದು ಒಳ್ಳೆಯ ಉಪಾಯವಿತ್ತು. ಕಂಟ್ರೋಲ್-ಕೆ ಒತ್ತಿ ಮುಂದೇನು ಅಂತ ತಡೆದು ನಿಂತರೆ, ಮುಂದೆ ಒತ್ತಬಹುದಾದ ಕೀಗಳ ಮೆನು ಪರದೆಯ ಮೇಲೆ ಬರುತ್ತಿತ್ತು. ಗೊತ್ತಿದ್ದವರು ಸರಸರನೆ ಒತ್ತಿದರೆ ಮೆನು ಬರುತ್ತಲೇ ಇರಲಿಲ್ಲ. ತಡವರಿಸಿದವರಿಗೆ ಮಾತ್ರ ಸಹಾಯ, ಗೊತ್ತಿದ್ದವರಿಗೆ ಕಿರಿಕಿರಿ ಇಲ್ಲ. ಲಿನಕ್ಸ್‌ನ ನ್ಯಾನೊ ಎಡಿಟರ್ ಇವತ್ತಿಗೂ ಪರದೆಯ ಕೆಳಗಿನ ಎರಡು ಸಾಲಿನಲ್ಲಿ ಮುಖ್ಯ ಕೀಗಳನ್ನು ಬರೆದೇ ಇಡುತ್ತದೆ. ವಿಮ್ ಎಡಿಟರ್ ಹಾಗಲ್ಲ. ‘ವಿಮ್‌ನಿಂದ ಹೊರಗೆ ಬರುವುದು ಹೇಗೆ’ ಅನ್ನುವ ಪ್ರಶ್ನೆಯನ್ನು ಸ್ಟ್ಯಾಕ್ ಓವರ್‌ಫ್ಲೋದಲ್ಲಿ ಹತ್ತು ಲಕ್ಷ ಸಲ ಜನ ತೆರೆದು ನೋಡಿದ್ದಾರೆ ಅಂತ 2017ರಲ್ಲಿ ದೊಡ್ಡ ಸುದ್ದಿಯಾಗಿತ್ತು.

ವಿಂಡೋಸ್‌ನ ಹಳೆಯ ಮೆನುಗಳಲ್ಲಿ ಫೈಲ್, ಎಡಿಟ್ ಮುಂತಾದ ಪದಗಳಲ್ಲಿ ಒಂದೊಂದು ಅಕ್ಷರದ ಕೆಳಗೆ ಗೆರೆ ಇರುತ್ತಿತ್ತು. ಆಲ್ಟ್ ಜೊತೆ ಆ ಅಕ್ಷರ ಒತ್ತಿದರೆ ಮೆನು ತೆರೆಯುತ್ತದೆ ಅನ್ನುವ ಸೂಚನೆ ಅದು. ವಿಂಡೋಸ್ 2000ದಿಂದ, ಆಲ್ಟ್ ಒತ್ತುವವರೆಗೆ ಆ ಗೆರೆಗಳು ಕಾಣದ ಹಾಗಾದವು. ಪರದೆ ನೀಟಾಯಿತು, ಕಣ್ಣಿಗೆ ಬೀಳುತ್ತಿದ್ದ ಪಾಠ ಮರೆಯಾಯಿತು. ಗೊತ್ತಿದ್ದವರು ಮಾತ್ರ ಒತ್ತುತ್ತಾರೆ, ಒತ್ತಿದವರಿಗೆ ಮಾತ್ರ ಗೊತ್ತಾಗುತ್ತದೆ!

ಇದಕ್ಕೆ ತದ್ವಿರುದ್ಧ ಆಫೀಸ್ 97ರ ಕಣ್ಣು ಮಿಟುಕಿಸುವ ಪೇಪರ್ ಕ್ಲಿಪ್. ಪತ್ರ ಬರೆಯಲು ಕೂತರೆ ಸಾಕು, ಸಹಾಯ ಬೇಕಾ ಅಂತ ಎದುರು ನಿಲ್ಲುತ್ತಿತ್ತು. ಜನ ಎಷ್ಟು ರೇಗಿದರು ಅಂದರೆ, 2001ರ ಆಫೀಸ್ ಎಕ್ಸ್‌ಪಿಯಲ್ಲಿ ಅದು ತಾನಾಗಿ ಬರದಂತೆ ಮಾಡಿದರು. ಆಫೀಸ್ 2007ರಲ್ಲಿ ತೆಗೆದೇ ಹಾಕಿದರು.

ಇವೆಲ್ಲಕ್ಕಿಂತ ನನ್ನ ಮನಸ್ಸಿಗೆ ಹತ್ತಿರವಾದದ್ದು ಜಿಪ್ಸಿಯ ಕಥೆ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಜೆರಾಕ್ಸ್ ಪಾರ್ಕ್ ಪ್ರಯೋಗಾಲಯದಲ್ಲಿ ಲ್ಯಾರಿ ಟೆಸ್ಲರ್ ಮತ್ತು ಟಿಮ್ ಮಾಟ್ ಸೇರಿ ಮಾಡಿದ ಎಡಿಟರ್ ಅದು. ನಾವು ಇವತ್ತು ಬಳಸುವ ಕಟ್, ಕಾಪಿ, ಪೇಸ್ಟ್ ಬೆಳೆದದ್ದು ಟೆಸ್ಲರ್ ಅವರ ಆ ದಿನಗಳ ಕೆಲಸದಿಂದ. ಜಿಪ್ಸಿ ಮಾಡಿದ್ದು ಯಾರಿಗಾಗಿ ಗೊತ್ತೇ? ಗಿನ್ ಎಂಬ ಪಠ್ಯಪುಸ್ತಕ ಪ್ರಕಾಶನದ ಸಂಪಾದಕರಿಗಾಗಿ. ಮಾಟ್ ಅಲ್ಲಿಗೇ ಹೋಗಿ, ಸಂಪಾದಕರು ಹಸ್ತಪ್ರತಿ ತಿದ್ದುವುದನ್ನು ನೋಡಿಕೊಂಡು ಬಂದು ವಿನ್ಯಾಸ ಮಾಡಿದರು. ಪಠ್ಯಪುಸ್ತಕ ತಿದ್ದುವವರ ಪಕ್ಕ ಹೋಗಿ ಕೂರುವುದು ಐವತ್ತು ವರ್ಷ ಹಳೆಯ ದಾರಿ. ನಾನು ಮಾತ್ರ ಪಿಪಿಟಿ ಹಾಕಿಕೊಂಡು ಕೂತಿದ್ದೆ.

ಕೆಳಗೊಂದು ಸಾಲು

ಮ್ಯಾನೇಜರ್ ಹತ್ತಿರ ಎರಡು ವಾರ ಸಮಯ ಕೇಳಿದೆ. ಮೊದಲು ಲ್ಯಾಮಿನೇಟ್ ಪಟ್ಟಿಗಳನ್ನು ಕಿತ್ತೆ.

ಇಂಟೆಲಿಜೆ ಐಡಿಯಾ ಬಳಸುವ ಪ್ರೋಗ್ರಾಮರ್‌ಗಳಿಗೆ ಕೀ ಪ್ರೊಮೋಟರ್ ಎಕ್ಸ್ ಅನ್ನುವ ಪ್ಲಗ್‌ಇನ್ ಗೊತ್ತಿರಬಹುದು. ಮೌಸ್‌ನಲ್ಲಿ ಏನಾದರೂ ಕ್ಲಿಕ್ ಮಾಡಿದರೆ, ಇದಕ್ಕೆ ಈ ಶಾರ್ಟ್‌ಕಟ್ ಇದೆ ಅಂತ ಮೂಲೆಯಲ್ಲಿ ತೋರಿಸುತ್ತದೆ. ಅದನ್ನೇ ನಮ್ಮ ಎಡಿಟರ್‌ಗೆ ತಂದೆ. ಆದರೆ ಅವಸರದಲ್ಲಿ ಪ್ರತಿ ಕ್ಲಿಕ್‌ಗೂ, ಪರದೆಯ ನಡುವೆಯೇ ಬರುವ ಹಾಗೆ ಮಾಡಿಬಿಟ್ಟೆ. ಒಂದೇ ದಿನ ಬಾಳಿತು.

‘ತಿಂಡಿ ತಿನ್ನುವಾಗ ನೊಣ ಮುಖದ ಮೇಲೆ ಕೂತ ಹಾಗಾಗುತ್ತೆ ಸರ್’ ಅಂದರು ಅಕ್ಕ.

ನೊಣವನ್ನು ಕೆಳಕ್ಕಿಳಿಸಿದೆ. ಈಗ ಪರದೆಯ ತಳದಲ್ಲಿ ಒಂದೇ ಒಂದು ಸಾಲು. ಒಂದೇ ಕೆಲಸವನ್ನು ಮೂರು ಸಲ ಮೌಸ್‌ನಲ್ಲಿ ಮಾಡಿದರೆ ಮಾತ್ರ ಬರುತ್ತದೆ: ‘ಪದ ಅಳಿಸಲು ಕಂಟ್ರೋಲ್ + ಬ್ಯಾಕ್‌ಸ್ಪೇಸ್’. ಸರಿ ಒತ್ತಬೇಕಿಲ್ಲ, ಮುಚ್ಚಬೇಕಿಲ್ಲ, ತಾನೇ ಹೋಗುತ್ತದೆ. ಆ ಶಾರ್ಟ್‌ಕಟ್ ಬಳಸಲು ಶುರು ಮಾಡಿದ ಮೇಲೆ ಆ ಸಾಲು ಮತ್ತೆ ಕಾಣುವುದಿಲ್ಲ. ದಿನಕ್ಕೆ ಒಂದೇ ಹೊಸದು. ಕೆಲಸದ ಹೊತ್ತಿನಲ್ಲೇ, ಆ ಕೆಲಸದ್ದೇ ಶಾರ್ಟ್‌ಕಟ್.

ಎರಡನೆಯದು ಭಯದ ಮದ್ದು. ಒಂದೇ ಸಲಕ್ಕೆ ತುಂಬಾ ಅಳಿಸಿಹೋದರೆ ಅದೇ ಸಾಲಿನಲ್ಲಿ ‘ತಪ್ಪಾಯಿತಾ? ಕಂಟ್ರೋಲ್ + ಝಡ್ ಒತ್ತಿದರೆ ವಾಪಸ್ ಬರುತ್ತದೆ’ ಅಂತ ಬರುತ್ತದೆ.

ಮೂರನೆಯದು ಹುಡುಕುವ ಪೆಟ್ಟಿಗೆ. ಸಬ್ಲೈಮ್ ಟೆಕ್ಸ್ಟ್, ವಿಎಸ್ ಕೋಡ್ ಬಳಸುವವರಿಗೆ ಕಮಾಂಡ್ ಪ್ಯಾಲೆಟ್ ಗೊತ್ತು. ಕಂಟ್ರೋಲ್-ಶಿಫ್ಟ್-ಪಿ ಒತ್ತಿ, ಬೇಕಾದ ಕೆಲಸದ ಹೆಸರು ಟೈಪ್ ಮಾಡಿದರೆ ಸಾಕು. ಪಕ್ಕದಲ್ಲೇ ಅದರ ಶಾರ್ಟ್‌ಕಟ್ ಕೂಡ ಕಾಣುತ್ತದೆ. ಮೆನು ಎಲ್ಲಿದೆ ಅಂತ ಹುಡುಕುವಂತಿಲ್ಲ. ನೋಡಿ ನೋಡಿ ಒಂದು ದಿನ ಬೆರಳಿಗೇ ಬಂದುಬಿಡುತ್ತದೆ. ನಮ್ಮದರಲ್ಲಿ ಕನ್ನಡದಲ್ಲಿ ಟೈಪ್ ಮಾಡಿದರೂ ಸಿಗುವ ಹಾಗೆ ಮಾಡಿದೆ. ಅಕ್ಕಂದಿರು ರೀಪ್ಲೇಸ್ ಅನ್ನುವುದಿಲ್ಲ. ‘ಬದಲಿಸು’, ‘ಎಲ್ಲಾ ಕಡೆ ಹಾಕು’, ‘ತೆಗೆದುಹಾಕು’ ಅನ್ನುತ್ತಾರೆ. ಆ ಮಾತುಗಳನ್ನೇ ಬರೆದುಕೊಂಡು ಬಂದು ಸೇರಿಸಿದೆ.

ಪದಗಳನ್ನು ಬರೆದುಕೊಳ್ಳಲು ಕೂತಾಗಲೇ ಅಕ್ಕ ಕೇಳಿದ್ದು: ‘ಹುಡುಕಿ ಬದಲಿಸೋಕೆ ಕಂಟ್ರೋಲ್ ಎಚ್ ಅಂತೀರಲ್ಲ, ಎಚ್ ಅಂದ್ರೆ ಏನು?’

ಏನೂ ಅಲ್ಲ. ಫೈಂಡ್‌ಗೆ ಎಫ್, ಬೋಲ್ಡ್‌ಗೆ ಬಿ ಅಂತ ಇಂಗ್ಲಿಷ್ ಗೊತ್ತಿದ್ದವರು ನೆನಪಿಟ್ಟುಕೊಳ್ಳಬಹುದು. ರೀಪ್ಲೇಸ್‌ಗೆ ಎಚ್ ಅಂದರೆ ಅವರಿಗೂ ತಾಳೆಯಾಗದು. ವರ್ಡ್‌ನಲ್ಲಿ ಕಂಟ್ರೋಲ್-ಆರ್ ಸಾಲನ್ನು ಬಲಕ್ಕೆ ಸರಿಸುವ ಕೆಲಸಕ್ಕಿದೆ. ನಾನು ತಲೆ ಕೆರೆದುಕೊಳ್ಳುತ್ತಿದ್ದಾಗ ಅಕ್ಕನೇ ಕೀಬೋರ್ಡ್ ನೋಡಿ ಹೇಳಿದರು:

‘ನಮಗೆ ಎಚ್ ಕೀ ಅಂದ್ರೆ ಹ. ಹ ಅಂದ್ರೆ ಹುಡುಕಿ ಹಾಕು. ಸರಿಹೋಯ್ತಲ್ಲ!’

ಆ ಸಾಲು ಈಗ ನಮ್ಮ ಎಡಿಟರ್‌ನಲ್ಲಿ ಹಾಗೆಯೇ ಇದೆ: ‘ಹುಡುಕಿ ಹಾಕು — ಕಂಟ್ರೋಲ್ + ಹ’. ಶಿಫ್ಟ್-ಎಫ್5 ಕೂಡ ಸೇರಿಸಿದೆ. ಎಲ್ಲರಿಗಿಂತ ಜಾಸ್ತಿ ಈಗ ಅದನ್ನು ಬಳಸುವವನು ನಾನೇ.

ಶಾರ್ಟ್‌ಕಟ್‌ನಿಂದ ಅಕ್ಕನ ಕೈನೋವು ವಾಸಿಯಾಯಿತು ಅಂತ ನಾನು ಹೇಳುತ್ತಿಲ್ಲ. ಅವರು ಎರಡು ವಾರ ರಜೆ ಹಾಕಿದರು, ಫಿಸಿಯೋಥೆರಪಿಗೆ ಹೋದರು. ಆ ತಿಂಗಳು ಪುಟದ ಲೆಕ್ಕ ಇಳಿದದ್ದೂ ನಿಜ. ನಮ್ಮ ಎಡಿಟರ್ ಅದನ್ನೇನೂ ತಪ್ಪಿಸಲಿಲ್ಲ. ವಾಪಸ್ ಬಂದ ಮೇಲೆ ಬಲಗೈ ಮೌಸ್ ಕಡೆ ಓಡುವುದು ಕಮ್ಮಿಯಾಯಿತು, ಅಷ್ಟೇ. ನಲವತ್ತು ಕಡೆ ಒಂದೇ ಪದ ಬದಲಿಸಬೇಕಾದಾಗ ನಲವತ್ತು ಸಲ ಕ್ಲಿಕ್ ಮಾಡುವುದು ನಿಂತಿತು.

ನಿಮಗೂ ಬೇಕಾದೀತು

ಈ ಲೇಖನ ಓದುತ್ತಿರುವ ನೀವೂ ದಿನಕ್ಕೆ ಎಂಟು ಗಂಟೆ ಯಾವುದೋ ಡಾಕ್ಯುಮೆಂಟ್ ತಿದ್ದುವವರೇ ಇರಬಹುದು. ಎಲ್ಲವನ್ನೂ ಇವತ್ತೇ ಕಲಿಯಬೇಡಿ. ನಾನು ಮಾಡಿದ ತಪ್ಪೇ ಅದು. ಈ ವಾರಕ್ಕೆ ಒಂದನ್ನು ಆರಿಸಿಕೊಳ್ಳಿ.

• ಕಂಟ್ರೋಲ್ + ಝಡ್: ಮಾಡಿದ್ದನ್ನು ವಾಪಸ್ ತೆಗೆದುಕೊಳ್ಳಲು. ಇದು ಗೊತ್ತಿಲ್ಲದವರಿಗೆ ಮೊದಲು ಇದನ್ನೇ ಹೇಳಿ.

• ಕಂಟ್ರೋಲ್ + ಬ್ಯಾಕ್‌ಸ್ಪೇಸ್: ಇಡೀ ಪದ ಅಳಿಸಲು. ಮ್ಯಾಕ್‌ನಲ್ಲಿ ಆಪ್ಷನ್ + ಡಿಲೀಟ್.

• ಕಂಟ್ರೋಲ್ + ಎಡ ಅಥವಾ ಬಲ ಬಾಣ: ಒಂದೊಂದೇ ಪದ ದಾಟಲು. ಜೊತೆಗೆ ಶಿಫ್ಟ್ ಹಿಡಿದರೆ ಪದ ಸೆಲೆಕ್ಟ್ ಆಗುತ್ತದೆ.

• ಕಂಟ್ರೋಲ್ + ಎಚ್: ವರ್ಡ್ ಮತ್ತು ಗೂಗಲ್ ಡಾಕ್ಸ್‌ನಲ್ಲಿ ಹುಡುಕಿ ಬದಲಿಸಲು.

• ಕಂಟ್ರೋಲ್ + ಶಿಫ್ಟ್ + ವಿ: ಗೂಗಲ್ ಡಾಕ್ಸ್‌ನಲ್ಲಿ ಬಣ್ಣ, ಫಾಂಟ್ ಯಾವುದೂ ಬರದಂತೆ ಬರೀ ಅಕ್ಷರ ಪೇಸ್ಟ್ ಮಾಡಲು.

• ವಿಂಡೋಸ್ ಕೀ + ವಿ: ವಿಂಡೋಸ್ 10 ಮತ್ತು 11ರಲ್ಲಿ, ಹಿಂದೆ ಕಾಪಿ ಮಾಡಿದ್ದನ್ನೆಲ್ಲ ಪಟ್ಟಿಯಾಗಿ ನೋಡಲು. ಮೊದಲ ಸಲ ಆನ್ ಮಾಡಬೇಕು.

ಶಾರ್ಟ್‌ಕಟ್ ಏನು ಅಂತ ಗೊತ್ತಾಗದಿದ್ದರೆ ಹುಡುಕುವ ದಾರಿ: ಮೆನು ತೆರೆದಾಗ ಬಲಗಡೆ ಸಣ್ಣದಾಗಿ ಬರೆದಿರುವುದನ್ನು ಓದಿ. ವರ್ಡ್‌ನಲ್ಲಿ ಆಲ್ಟ್ ಒತ್ತಿ ಬಿಡಿ, ಪ್ರತಿ ಬಟನ್ ಮೇಲೂ ಒಂದೊಂದು ಅಕ್ಷರ ಮೂಡುತ್ತದೆ. ಗೂಗಲ್ ಡಾಕ್ಸ್‌ನಲ್ಲಿ ಕಂಟ್ರೋಲ್ ಜೊತೆ ಓರೆಗೆರೆಯ ಕೀ ಒತ್ತಿದರೆ ಪೂರ್ತಿ ಪಟ್ಟಿ ಬರುತ್ತದೆ. ಐಪ್ಯಾಡ್‌ಗೆ ಕೀಬೋರ್ಡ್ ಜೋಡಿಸಿದ್ದರೆ ಕಮಾಂಡ್ ಕೀ ಒತ್ತಿ ಹಿಡಿಯಿರಿ.

ಕೈಯಲ್ಲಿರುವ ಫೋನಿನಲ್ಲೂ ಒಂದಿದೆ. ಉದ್ದದ ಮೆಸೇಜಿನ ನಡುವೆ ಒಂದು ಅಕ್ಷರ ತಪ್ಪಾದರೆ ಬೆರಳಿನಿಂದ ಸರಿಯಾದ ಜಾಗ ಮುಟ್ಟಲು ಒದ್ದಾಡುತ್ತೀರಲ್ಲ? ಜಿಬೋರ್ಡ್‌ನಲ್ಲಿ ಸ್ಪೇಸ್ ಬಾರ್ ಮೇಲೆ ಬೆರಳನ್ನು ಎಡಕ್ಕೋ ಬಲಕ್ಕೋ ಜಾರಿಸಿ. ಐಫೋನ್ ಆದರೆ ಸ್ಪೇಸ್ ಬಾರ್ ಒತ್ತಿ ಹಿಡಿದು ಜಾರಿಸಿ. ಕರ್ಸರ್ ಜೊತೆಗೇ ಸರಿಯುತ್ತದೆ.

ಹೊಸ ಹುಡುಗಿ

ಕಳೆದ ತಿಂಗಳು ಟೈಪಿಂಗ್‌ಗೆ ಹೊಸ ಹುಡುಗಿಯೊಬ್ಬಳು ಸೇರಿದಳು. ಅವಳಿಗೆ ಟ್ರೈನಿಂಗ್ ಕೊಡಬೇಕು ಅಂತ ಮ್ಯಾನೇಜರ್ ನನಗೆ ಹೇಳಿದರು. ನಾನು ಅವಳ ಕುರ್ಚಿಯನ್ನು ಅಕ್ಕನ ಪಕ್ಕಕ್ಕೆ ಹಾಕಿಸಿದೆ. ಅಷ್ಟೇ ನಾನು ಕೊಟ್ಟ ಟ್ರೈನಿಂಗ್. ಅಕ್ಕನ ಟೈಪಿಂಗ್ ಕೆಲಸ ಕೆಟ್ಟು ಪುಟ ಕಮ್ಮಿಯಾಗಬಾರದು ಅಂತ, ಕಲಿಸಿದ ಗಂಟೆಗಳಿಗೂ ದುಡ್ಡು ಲೆಕ್ಕ ಹಾಕುವಂತೆ ಮ್ಯಾನೇಜರ್‌ನ ಒಪ್ಪಿಸಿದೆ.

ಮಧ್ಯಾಹ್ನ ಆ ಕಡೆ ಹೋದಾಗ ಅಕ್ಕನ ಮಾತು ಕೇಳಿಸಿತು. ‘ಮೊದಲು ಎಲ್ಲಾ ಅಳಿಸಿಬಿಡು. ಹೆದರಬೇಡ, ಅಳಿಸು. ಈಗ ಕಂಟ್ರೋಲ್ ಝಡ್ ಒತ್ತು. ಬಂತಾ? ಇದು ಗೊತ್ತಿದ್ರೆ ಆಯ್ತು, ಮಿಕ್ಕಿದ್ದು ಆ ಕೆಳಗಿನ ಸಾಲು ಹೇಳಿಕೊಡುತ್ತೆ.’

ನನ್ನನ್ನು ನೋಡಿ ಹುಡುಗಿ ಎದ್ದು ನಿಂತು ‘ಗುಡ್ ಆಫ್ಟರ್‌ನೂನ್ ಸರ್’ ಅಂದಳು.

‘ಕೂತ್ಕೋ ಕೂತ್ಕೋ,’ ಅಂದರು ಅಕ್ಕ. ಆಮೇಲೆ ನನ್ನ ಕಡೆ ತಿರುಗಿ, ‘ನೀನೂ ಒಂದು ಕುರ್ಚಿ ಎಳ್ಕೊ ಕಣಪ್ಪ. ಇವಳಿಗೆ ಯಾವ್ಯಾವುದಕ್ಕೆ ಮೌಸ್ ಬೇಕಾಗ್ತಿದೆ ನೋಡು’ ಅಂದರು.

ಸರ್ ಹೋಗಿ ಕಣಪ್ಪ ಆಗಿತ್ತು. ಕುರ್ಚಿ ಎಳೆದುಕೊಂಡೆ.